ನೆಲದಿಂದ ಏಳೋದು ಅನ್ನುವ ಕೆಲಸ

ನಮ್ಮ ಕಡೆ ಮದುವೆ, ಉಪನಯನಕ್ಕೆ ಹೋದರೆ ಊಟಕ್ಕೆ ಎರಡು ವ್ಯವಸ್ಥೆ ಇರುತ್ತದೆ. ನೆಲದ ಮೇಲೆ ಬಾಳೆಲೆ ಹಾಕಿದ ಪಂಕ್ತಿ ಒಂದು. ಗೋಡೆ ಪಕ್ಕ ಟೇಬಲ್, ಕುರ್ಚಿ ಇನ್ನೊಂದು. ನಾನು ಚಿಕ್ಕವಳಿದ್ದಾಗ ಟೇಬಲ್ ಇರಲೇ ಇಲ್ಲ. ಆಮೇಲೆ ಬಂತು, ತೀರಾ ವಯಸ್ಸಾದ ಒಂದಿಬ್ಬರಿಗೆ ಅಂತ. ಈಗ ಅಲ್ಲಿ ನೂಕುನುಗ್ಗಲು. ಐವತ್ತೈದು ದಾಟಿದವರೆಲ್ಲ ಕರ್ಚೀಫ್ ಹಾಕಿ ಸೀಟು ಹಿಡಿಯುತ್ತಾರೆ. ನೆಲದ ಪಂಕ್ತಿಯಲ್ಲಿ ಉಳಿಯೋದು ಮಕ್ಕಳು, ಕಾಲೇಜು ಹುಡುಗರು, ಮತ್ತೆ ಯಾವುದೋ ತೋಟದ ಮನೆಯ ಎಂಬತ್ತರ ಅಜ್ಜ ಒಬ್ಬರು. ಅಜ್ಜ ಮಜ್ಜಿಗೆ ಅನ್ನ ಮುಗಿಸಿ, ಎಲೆ ಮಡಚಿ, ಎದ್ದು ಕೈ ತೊಳೆಯಲು ಹೋಗುತ್ತಾರೆ. ಅಷ್ಟೇ. ಆದರೆ ಅವರು ಏಳುವುದನ್ನು ಸರಿಯಾಗಿ ನೋಡಬೇಕು. ಬಲಗೈ ಎಂಜಲು, ನೆಲಕ್ಕೆ ಊರುವಂತಿಲ್ಲ. ಎಡಗೈಯಲ್ಲಿ ಪಂಚೆ ಹಿಡಿದಿರುತ್ತಾರೆ. ಕಾಲಿನ ಬಲದಲ್ಲೇ ಎದ್ದು ನಿಲ್ಲುತ್ತಾರೆ.

ಇದನ್ನೇ ಬ್ರೆಜಿಲ್‌ನ ಕ್ಲಾಡಿಯೊ ಜಿಲ್ ಅರೌಜೊ ಎಂಬ ವೈದ್ಯರು ಒಂದು ಪರೀಕ್ಷೆ ಮಾಡಿಟ್ಟಿದ್ದಾರೆ. ಬರಿಗಾಲಲ್ಲಿ ನಿಂತು, ನೆಲಕ್ಕೆ ಕೂತು, ಮತ್ತೆ ಏಳಬೇಕು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈ, ಮೊಣಕೈ, ಮಂಡಿ, ಯಾವುದನ್ನು ಊರಿದರೂ ಒಂದೊಂದು ಅಂಕ ಹೋಯಿತು. ವಾಲಾಡಿದರೆ ಅರ್ಧ. 51ರಿಂದ 80 ವರ್ಷದ ಎರಡು ಸಾವಿರ ಜನರ ಮೇಲೆ ಇದನ್ನು ಮಾಡಿ 2012ರಲ್ಲಿ ಪ್ರಕಟಿಸಿದರು. ಅಂಕ ಕಡಿಮೆ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಜಾಸ್ತಿ ಕಂಡಿತು. ಹಾಗಂತ ನೆಲಕ್ಕೆ ಕೂತು ಎದ್ದರೆ ಆಯುಷ್ಯ ಬೆಳೆಯುತ್ತದೆ ಅಂತ ಅರ್ಥ ಅಲ್ಲ. ಕಾಲಿನ ಬಲ, ಕೀಲುಗಳ ಸಡಿಲ, ಸಮತೋಲನ, ದೇಹದ ತೂಕ, ಎಲ್ಲ ಹೇಗಿದೆ ಎಂದು ಒಂದೇ ಏಟಿಗೆ ತೋರಿಸಿಬಿಡುವ ಕೆಲಸ ಅದು.

ನನ್ನ ಬಗ್ಗೆ ಸ್ವಲ್ಪ. ನನಗೀಗ ಅರವತ್ತೊಂದು. ಶಿವಮೊಗ್ಗದ ವಿನೋಬನಗರದಲ್ಲಿ ಮನೆ, ತವರು ಸಾಗರದ ಹತ್ತಿರದ ಒಂದು ಅಡಿಕೆ ತೋಟ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಸೇರಿದವಳು. 2020ರ ಜನವರಿ 31ರಂದು ದೇಶದಾದ್ಯಂತ ಸಾವಿರಾರು ಬಿಎಸ್‌ಎನ್‌ಎಲ್ ನೌಕರರು ಒಂದೇ ದಿನ ಸ್ವಯಂ ನಿವೃತ್ತಿ ತಗೊಂಡರಲ್ಲ, ಆ ಗುಂಪಿನಲ್ಲಿ ನಾನೂ ಇದ್ದೆ. ಹೊರಗೆ ಬಂದು ಉಸಿರು ಬಿಡುವಷ್ಟರಲ್ಲಿ ಲಾಕ್‌ಡೌನ್. ಮೂವತ್ತು ಚಿಲ್ಲರೆ ವರ್ಷ ಆಫೀಸಿನ ಕುರ್ಚಿ, ಆಮೇಲೆ ಮನೆಯ ಸೋಫಾ.

ಕುರ್ಚಿಗೆ ನಾನೊಬ್ಬಳೇ ಹತ್ತಿದ್ದಲ್ಲ. ಇಡೀ ಮನೆಯೇ ಮೇಲೆ ಹತ್ತಿದೆ. ತವರಿನ ಅಡುಗೆಮನೆ ನೆನಪು ಮಾಡಿಕೊಳ್ಳಿ ಅಂತ ನನ್ನ ಅಕ್ಕತಂಗಿಯರಿಗೆ ಹೇಳುತ್ತಿರುತ್ತೇನೆ. ಒಲೆ ನೆಲದಲ್ಲಿತ್ತು. ಮೆಟ್ಟುಗತ್ತಿ ನೆಲದಲ್ಲಿ. ಒರಳು, ಬೀಸುವ ಕಲ್ಲು, ಮಜ್ಜಿಗೆ ಕಡೆಯುವ ಕಂಬ, ಎಲ್ಲ ನೆಲದಲ್ಲಿ. ಊಟ ಮಣೆ ಮೇಲೆ. ಹಾಸಿಗೆ ಸುತ್ತಿ ಇಡುವುದು, ಬಿಚ್ಚುವುದು ನೆಲದಲ್ಲಿ. ಬಚ್ಚಲ ಒಲೆಗೆ ಬೆಂಕಿ ಹಾಕುವುದು ಕುಕ್ಕರಗಾಲಲ್ಲಿ ಕೂತು. ಕೊಟ್ಟಿಗೆಯಲ್ಲಿ ಹಾಲು ಕರೆಯುವುದೂ ಹಾಗೇ. ಸುಗ್ಗಿ ಬಂದರೆ ರಾತ್ರಿ ಹನ್ನೊಂದರವರೆಗೂ ಕೂತು ಅಡಿಕೆ ಸುಲಿಯುವುದು. ಅಮ್ಮ ದಿನಕ್ಕೆ ಎಷ್ಟು ಸಲ ನೆಲದಿಂದ ಎದ್ದಿರಬಹುದು? ಮೂವತ್ತು? ಐವತ್ತು? ಅದೂ ಬರಿಗೈಯಲ್ಲಲ್ಲ. ಸೊಂಟದ ಮೇಲೆ ಕೊಡ, ಇಲ್ಲ ಮಗು.

ಆಮೇಲೆ ಒಂದೊಂದೇ ಮೇಲೆ ಬಂತು. ಗ್ಯಾಸ್ ಬಂತು, ಕಟ್ಟೆ ಬಂತು. ಮಿಕ್ಸಿ, ಗ್ರೈಂಡರ್, ವಾಷಿಂಗ್ ಮಷೀನ್, ಮಂಚ, ಡೈನಿಂಗ್ ಟೇಬಲ್ ಬಂದವು. ಕೊನೆಗೆ ಕಮೋಡು ಬಂತು. ಯಾವುದೂ ಬೇಡ ಅನ್ನುವಂಥದ್ದಲ್ಲ. ನನ್ನ ಅಜ್ಜಿಯ ಬೆನ್ನು ಬಾಗಿ ಬಿಲ್ಲಾಗಿತ್ತು. ಹೊಗೆಯಲ್ಲಿ ಕಣ್ಣು ಮಂಜಾಗಿತ್ತು. ಮನೆಯಲ್ಲಿ ಆಕಳು ಇದ್ದರೂ ಅವರು ಒಂದು ಲೋಟ ಹಾಲು ಕುಡಿದಿದ್ದನ್ನು ನಾನು ಕಾಣೆ. ಎಲ್ಲರದ್ದೂ ಮುಗಿದ ಮೇಲೆ ತಳದಲ್ಲಿ ಉಳಿದದ್ದು ಅವರ ಊಟ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುವುದು ಮಂಡಿ ಸವೆಯಲು ಒಂದು ಕಾರಣ ಅಂತಲೂ ಡಾಕ್ಟರು ಹೇಳುತ್ತಾರೆ. ಹಾಗಾಗಿ 'ಹಳೆ ಕಾಲದವರು ಎಷ್ಟು ಗಟ್ಟಿ' ಎಂಬ ವಾಟ್ಸಾಪ್ ಫಾರ್ವರ್ಡ್ ನನಗೆ ಕಳಿಸಬೇಡಿ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯುಷ್ಯ ನಲವತ್ತೂ ಇರಲಿಲ್ಲ. ಗಟ್ಟಿ ಇದ್ದವರು ಉಳಿದರು, ಅವರನ್ನಷ್ಟೇ ನಾವು ನೋಡಿದ್ದು.

ನನ್ನ ತಕರಾರು ಬೇರೆ. ಸಾಮಾನೆಲ್ಲ ಮೇಲೆ ಬಂತು, ಸರಿ. ಆದರೆ ದಿನಾ ಕೂತು ಏಳುವ ಕೆಲಸದಿಂದ ಕಾಲಿಗೆ ಏನು ಸಿಗುತ್ತಿತ್ತೋ ಅದನ್ನು ಬೇರೆ ಎಲ್ಲಿಂದ ತರೋದು ಅಂತ ಯಾರೂ ಯೋಚಿಸಲಿಲ್ಲ.

ಅಮ್ಮ ಬಿದ್ದಾಗ ನನಗೆ ಇದು ಚೆನ್ನಾಗಿ ಕಂಡಿತು. ಕೋವಿಡ್ ಕಳೆದ ಮರುವರ್ಷದ ಮಳೆಗಾಲ. ನಮ್ಮ ಕಡೆ ಜುಲೈನಲ್ಲಿ ಅಂಗಳವೆಲ್ಲ ಹಾವಸೆ ಹಿಡಿಯುತ್ತದೆ. ಅಡಿಕೆ ದಬ್ಬೆ ಹಾಸಿ ಅದರ ಮೇಲೆ ನಡೆಯುತ್ತಾರೆ. ಅಮ್ಮ ಹಿತ್ತಿಲ ಕಡೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಕೂತುಬಿಟ್ಟರು. ತಮ್ಮ ಪೇಟೆಗೆ ಹೋಗಿದ್ದ. ನಾದಿನಿ ತೋಟದ ಕೆಳಗಿನ ಭಾಗದಲ್ಲಿ. ಜೋರು ಮಳೆ, ಕೂಗಿದರೆ ಕೇಳಿಸುವುದಿಲ್ಲ. ನಾದಿನಿ ಬಂದು ನೋಡುವ ಹೊತ್ತಿಗೆ ಎರಡು ಗಂಟೆ ಮೇಲಾಗಿತ್ತು. ಸಾಗರಕ್ಕೆ ಕರಕೊಂಡು ಹೋಗಿ ಎಕ್ಸ್‌ರೇ ಮಾಡಿಸಿದರೆ ಒಂದು ಮೂಳೆಯೂ ಮುರಿದಿಲ್ಲ. 'ಅಜ್ಜಿ ಮೂಳೆ ಗಟ್ಟಿ ಇದೆ' ಅಂದರು ಡಾಕ್ಟರು. ಎಲ್ಲರಿಗೂ ಖುಷಿ.

ನನಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಮುರಿದಿಲ್ಲ ಅಂದರೆ ಎರಡು ಗಂಟೆ ಯಾಕೆ ಮಳೆಯಲ್ಲಿ ಕೂತಿದ್ದರು? ಏಳೋಕೆ ಆಗಲಿಲ್ಲ, ಅದಕ್ಕೆ. ದಿನಕ್ಕೆ ಐವತ್ತು ಸಲ ನೆಲದಿಂದ ಎದ್ದ ಅದೇ ಅಮ್ಮ. ಮಂಡಿ ನೋವು ಅಂತ ಹತ್ತು ಹನ್ನೆರಡು ವರ್ಷದಿಂದ ಕುರ್ಚಿ ಬಿಟ್ಟು ಕೆಳಗೆ ಕೂತವರಲ್ಲ.

ಆಮೇಲೆ ಆಗಿದ್ದು ಇನ್ನೂ ಕೆಟ್ಟದ್ದು. ಅಮ್ಮನಿಗೆ ಹೆದರಿಕೆ ಹೊಕ್ಕಿತು. ಹಿತ್ತಿಲಿಗೆ ಹೋಗುವುದು ಬಿಟ್ಟರು. ಹೂ ಕೊಯ್ಯುವುದು ಬಿಟ್ಟರು. ಮನೆಯವರೂ ಪಾಪ, ಪ್ರೀತಿಯಿಂದ, 'ನೀವು ಕೂತಿರಿ, ನಾವು ತರ್ತೇವೆ' ಅನ್ನತೊಡಗಿದರು. ನೀರು ಕೈಗೆ, ಊಟ ಕೈಗೆ, ಟಿವಿ ರಿಮೋಟೂ ಕೈಗೆ. ಕೆಲವೇ ತಿಂಗಳಲ್ಲಿ ತೊಡೆ ಕರಗಿಹೋಯಿತು. ಬೀಳುವ ಹೆದರಿಕೆಗೆ ಓಡಾಟ ಕಡಿಮೆ ಮಾಡಿದರೆ ಕಾಲು ಸೊರಗುತ್ತದೆ. ಕಾಲು ಸೊರಗಿದರೆ ಬೀಳುವುದು ಜಾಸ್ತಿ. ವಯಸ್ಸಾದವರ ಕೈಯಿಂದ ಕೆಲಸ ಕಿತ್ತುಕೊಳ್ಳುವುದು ಸೇವೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಬೆಂಗಳೂರಿನ ಮಕ್ಕಳಿಗೆ ಇದು ಇನ್ನೂ ಜಾಸ್ತಿ. ನನ್ನ ಮಗ ನನಗೆ ನೆಲ ಒರೆಸುವ ರೋಬೋ ಕಳಿಸಿದ್ದಾನೆ. ಒಳ್ಳೆಯದೇ, ಅದು ಸೋಫಾ ಕೆಳಗೆ ಸಿಕ್ಕಿಹಾಕಿಕೊಂಡಾಗಲೆಲ್ಲ ನಾನು ಬಗ್ಗಿ ತೆಗೆಯುತ್ತೇನೆ.

ಸ್ನಾಯುವಿನ ಲೆಕ್ಕ ಸ್ವಲ್ಪ ಕಠೋರವಾಗಿದೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇಕಡ 3ರಿಂದ 8ರಷ್ಟು ಸ್ನಾಯು ಕಳೆದುಹೋಗುತ್ತದೆ ಅನ್ನುತ್ತಾರೆ. ಅರವತ್ತರ ಮೇಲೆ ಇನ್ನೂ ವೇಗ. ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ಚುರುಕು, ಅಂದರೆ ಬಲವನ್ನು ಥಟ್ಟನೆ ಬಳಸುವ ಶಕ್ತಿ. ಎಡವಿದಾಗ ಇನ್ನೊಂದು ಕಾಲನ್ನು ಪಟಕ್ಕಂತ ಮುಂದಿಟ್ಟು ಸುಧಾರಿಸಿಕೊಳ್ಳುತ್ತೇವಲ್ಲ, ಅದು ಈ ಚುರುಕಿನ ಕೆಲಸ. ಎಡವುವುದು ಎಲ್ಲ ವಯಸ್ಸಿನಲ್ಲೂ ಇದೆ. ಮೊಮ್ಮಗಳು ದಿನಾ ಎಡವುತ್ತಾಳೆ. ಅವಳ ಕಾಲು ಮುಂದೆ ಬರುತ್ತದೆ, ನಮ್ಮದು ಬರುವುದಿಲ್ಲ.

ಆದರೆ ಇದು ವಾಪಸ್ ಬರುತ್ತದೆ. ಈ ವಿಷಯ ಜನರಿಗೆ ಗೊತ್ತೇ ಇಲ್ಲ ಅನ್ನುವುದು ನನ್ನ ಹೊಟ್ಟೆಯುರಿ. 1990ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಜೊತೆಯವರು ವೃದ್ಧಾಶ್ರಮದಂಥ ಒಂದು ಕಡೆ ಹತ್ತು ಜನರನ್ನು ಆರಿಸಿಕೊಂಡರು. ಎಲ್ಲರೂ ತೊಂಬತ್ತರ ಆಸುಪಾಸಿನವರು. ಅವರಿಗೆ 8 ವಾರ ತೊಡೆಯ ವ್ಯಾಯಾಮ ಮಾಡಿಸಿದರು. ಸುಮ್ನೆ ಕೈಕಾಲು ಆಡಿಸುವುದಲ್ಲ, ಭಾರ ಎತ್ತಿಸಿದರು. ಅವರವರು ಎತ್ತಬಲ್ಲ ಗರಿಷ್ಠ ಭಾರದ ಶೇಕಡ 80ರವರೆಗೆ. ಕೊನೆಯಲ್ಲಿ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತ್ತು, ಅಂದರೆ ಎರಡೂವರೆ ಪಟ್ಟಿಗೂ ಮೇಲೆ. ಇಬ್ಬರು ಊರುಗೋಲು ಬಿಟ್ಟರು. ತೊಂಬತ್ತಕ್ಕೆ ಇದು ಆಗುತ್ತದೆ ಅಂದಮೇಲೆ ಅರವತ್ತಕ್ಕೆ 'ಇನ್ನೇನು ನಮ್ಮದು ಮುಗೀತು' ಅಂದರೆ ನನಗೆ ಸಿಟ್ಟು ಬರುತ್ತದೆ.

ಅಮ್ಮನಿಗೆ ಒಬ್ಬ ಫಿಸಿಯೋಥೆರಪಿ ಹುಡುಗಿ ಸಿಕ್ಕಳು. ಅವಳು ಮಾಡಿಸಿದ್ದು ಬಹಳ ಸರಳ. ಗೋಡೆಗೆ ಒತ್ತಿ ಇಟ್ಟ ಮರದ ಕುರ್ಚಿ, ಅದರ ಮೇಲೆ ಎರಡು ದಿಂಬು. ಕೈಯನ್ನು ಎದೆಗೆ ಕಟ್ಟಿಕೊಂಡು ಏಳಬೇಕು, ಕೂರಬೇಕು. ಎತ್ತರದ ಸೀಟಿನಿಂದ ಏಳುವುದು ಸುಲಭ ಅಲ್ವಾ? ಅಷ್ಟು ಸಲೀಸಾದ ಮೇಲೆ ಒಂದು ದಿಂಬು ತೆಗೆದಳು. ಆಮೇಲೆ ಇನ್ನೊಂದು. ಆಮೇಲೆ ಕೈಯಲ್ಲಿ ಎರಡು ಕಿಲೋ ಬೆಲ್ಲದ ಪೊಟ್ಟಣ. 'ಏಳುವಾಗ ಬೇಗ, ಕೂರುವಾಗ ನಿಧಾನ' ಅನ್ನುವುದು ಅವಳ ಮಂತ್ರ. ಬೇಗ ಎದ್ದರೆ ಚುರುಕು ಬೆಳೆಯುತ್ತದೆ. ನಿಧಾನ ಕೂತರೆ ತೊಡೆ ಇಡೀ ದಾರಿ ಭಾರ ಹೊರುತ್ತದೆ. ಧೊಪ್ಪಂತ ಕೂತರೆ ಅಮ್ಮನಿಗೆ ಅವಳ ಬೈಗುಳ. ಅಮ್ಮ ಅವಳಿಗೆ ಅಪ್ಪೆಮಿಡಿ ಕೊಟ್ಟು ಸಮಾಧಾನ ಮಾಡುತ್ತಿದ್ದರು.

ನಿಮ್ಮನ್ನು ನೀವೇ ನೋಡಿಕೊಳ್ಳುವುದಾದರೆ ಇದರದ್ದೇ ಒಂದು ಪರೀಕ್ಷೆ ಇದೆ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಅಂತ ಎಣಿಸಿ. 60ರಿಂದ 64ರ ವಯಸ್ಸಿನಲ್ಲಿ ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಕಾಲಿಗೆ ಕೆಲಸ ಬೇಕು ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿ ಹೇಳುತ್ತದೆ. ನಮ್ಮ ಮನೆಯವರು ಇದನ್ನು ಕೇಳಿ 'ನಂಗೇನಾಗಿದೆ' ಅಂತ ಲುಂಗಿ ಎತ್ತಿ ಕಟ್ಟಿ ಶುರು ಮಾಡಿದರು. ಎಂಟನೆಯದಕ್ಕೆ ಫೋನ್ ಬಂತು ಅಂತ ಎದ್ದು ಹೋದರು. ಫೋನ್ ರಿಂಗ್ ಆಗಿದ್ದು ನನಗೆ ಕೇಳಿಸಲಿಲ್ಲ.

ನಾನು ಜಿಮ್‌ಗೆ ಸೇರಿದೆ. ಹೌದು, ಚೂಡಿದಾರ್ ಹಾಕಿಕೊಂಡೇ. ಮೊದಮೊದಲು ಅಲ್ಲಿನ ಹುಡುಗರು ಯಾರದೋ ಅಮ್ಮ ಫೀಸು ಕಟ್ಟಲು ಬಂದಿದ್ದಾರೆ ಅಂದುಕೊಂಡರು. ಕಿವಿ ಒಡೆಯುವ ಹಾಡು, ಎಲ್ಲೆಲ್ಲೂ ಕನ್ನಡಿ, ಬೆವರಿನ ವಾಸನೆ. ಟ್ರೈನರ್ ಹುಡುಗ ಭದ್ರಾವತಿಯವನು, ಮರ್ಯಾದಸ್ಥ. 'ಅಮ್ಮಾ, ನೀವು ಟ್ರೆಡ್‌ಮಿಲ್ ಮೇಲೆ ಆರಾಮಾಗಿ ನಡೀರಿ' ಅಂದ. ನಡೆಯಲು ನನಗೆ ರಸ್ತೆ ಇದೆ ಮಾರಾಯ, ಭಾರ ಎತ್ತೋದು ಕಲಿಸು ಅಂದೆ. ಮೇಲಿನಿಂದ ಕಂಬಿಯನ್ನು ಎದೆಗೆ ಎಳೆಯುವ ಒಂದು ಮಷೀನಿದೆ. ಅದರಲ್ಲಿ ಕೂತ ತಕ್ಷಣ ಕೈಗೆ ಗುರುತು ಸಿಕ್ಕಿತು. ಥೇಟ್ ಬಾವಿಯಿಂದ ನೀರು ಸೇದಿದ ಹಾಗೆ. ಹುಡುಗ 'ಅಮ್ಮಾ, ನಿಮ್ಮ ಫಾರ್ಮ್ ಸೂಪರ್' ಅಂದ. ಮದುವೆ ಆಗುವವರೆಗೂ ದಿನಾ ಸೇದಿದ್ದೇನಪ್ಪ, ಫಾರ್ಮ್ ಎಲ್ಲಿ ಹೋಗುತ್ತದೆ?

ಜಿಮ್ಮೇ ಆಗಬೇಕು ಅಂತ ಇಲ್ಲ. ಹತ್ತು ಲೀಟರಿನ ಬಕೆಟ್ ತುಂಬಿದರೆ ಹತ್ತು ಕಿಲೋ. ಎರಡು ಕೈಯಲ್ಲಿ ಎರಡು ಹಿಡಿದು ಅಂಗಳದ ಆ ತುದಿಯಿಂದ ಈ ತುದಿಗೆ ನಡೆದರೆ ಕೈ ಹಿಡಿತ, ಬೆನ್ನು, ಕಾಲು ಮೂರಕ್ಕೂ ಆಯಿತು. ಮೊದಲು ಅರ್ಧ ಬಕೆಟ್ಟಿನಿಂದ ಶುರು ಮಾಡಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಬಹುದು. ಮನೆ ಮೆಟ್ಟಿಲು ಹತ್ತಿ ಇಳಿಯಬಹುದು. ಒಂದೇ ಶರತ್ತು, ಭಾರ ಬೆಳೆಯುತ್ತಾ ಹೋಗಬೇಕು. ವರ್ಷಗಟ್ಟಲೆ ಅದೇ ಅರ್ಧ ಕಿಲೋ ಡಂಬೆಲ್ ಆಡಿಸಿಕೊಂಡು 'ನಾನು ವ್ಯಾಯಾಮ ಮಾಡ್ತೇನೆ' ಅಂದರೆ ಸ್ನಾಯುವಿಗೆ ಅದು ಸುದ್ದಿಯೇ ಅಲ್ಲ. ಕೊನೆಯ ಎರಡು ಮೂರು ಸಲ ಎತ್ತುವಾಗ ಮುಖ ಸ್ವಲ್ಪ ಕಿವುಚಬೇಕು.

ಹೆಂಗಸರಿಗೆ ಇನ್ನೊಂದು ಕಾರಣ ಇದೆ. ಮುಟ್ಟು ನಿಂತ ಮೇಲಿನ ಕೆಲವು ವರ್ಷ ಮೂಳೆ ಭಾರೀ ವೇಗದಲ್ಲಿ ಟೊಳ್ಳಾಗುತ್ತದೆ. ನನ್ನ ಸ್ಕ್ಯಾನ್ ರಿಪೋರ್ಟಿನಲ್ಲಿ ಟಿ-ಸ್ಕೋರ್, ಅಂದರೆ ಮೂಳೆಯ ಸಾಂದ್ರತೆ ಎಷ್ಟಿದೆ ಅನ್ನುವ ಅಂಕ, ಮೈನಸ್ ಎರಡು ಚಿಲ್ಲರೆ ಇತ್ತು. ಮೈನಸ್ ಒಂದರಿಂದ ಮೈನಸ್ ಎರಡೂವರೆವರೆಗೆ ಮೂಳೆ ಸಡಿಲ, ಅದಕ್ಕೂ ಕೆಳಗೆ ಹೋದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. 'ಭಾರ ಎತ್ತಬೇಡಿ' ಅಂತ ಎಲ್ಲರೂ ಹೇಳುವುದು ಇಂಥವರಿಗೇ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಅದಕ್ಕೆ ತದ್ವಿರುದ್ಧ ಮಾಡಿ ನೋಡಿದರು. ಮೂಳೆ ಸಡಿಲಾದ, ಐವತ್ತೆಂಟು ದಾಟಿದ ನೂರೊಂದು ಹೆಂಗಸರು. ಒಂದು ಗುಂಪು ಮನೆಯಲ್ಲಿ ಹಗುರ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ವಾರಕ್ಕೆರಡು ದಿನ, ಅರ್ಧರ್ಧ ಗಂಟೆ, ತರಬೇತುದಾರರ ಕಣ್ಣೆದುರಿಗೆ ನಿಜವಾದ ಭಾರ ಎತ್ತಿತು. 8 ತಿಂಗಳಾದ ಮೇಲೆ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇಕಡ 3ರಷ್ಟು ಮೇಲೆ ಹೋಗಿತ್ತು. ಹಗುರ ಗುಂಪಿನದು ಇಳಿದಿತ್ತು. ತರಬೇತುದಾರರ ಕಣ್ಣೆದುರಿಗೆ ಅನ್ನುವ ಮಾತನ್ನು ಮಾತ್ರ ಮರೆಯಬೇಡಿ. ಬೆನ್ನು ಗೂನು ಮಾಡಿಕೊಂಡು ಗ್ಯಾಸ್ ಸಿಲಿಂಡರ್ ಎತ್ತುವುದು ಈ ಪಟ್ಟಿಯಲ್ಲಿಲ್ಲ. ತುಂಬಿದ ಸಿಲಿಂಡರ್ ಸುಮಾರು ಮೂವತ್ತು ಕಿಲೋ ಬರುತ್ತದೆ.

ನಡಿಗೆಯ ಬಗ್ಗೆ ಹೇಳಿದರೆ ನನ್ನ ಗೆಳತಿಯರಿಗೆ ಕೋಪ ಬರುತ್ತದೆ. ಹೇಳಿಯೇ ಬಿಡುತ್ತೇನೆ. ಬೆಳಿಗ್ಗೆ ಫ್ರೀಡಂ ಪಾರ್ಕಿಗೆ, ಅದೇ ಹಳೇ ಜೈಲಿನ ಜಾಗಕ್ಕೆ, ಹೋದರೆ ಅರ್ಧ ಶಿವಮೊಗ್ಗ ಸಿಗುತ್ತದೆ. ನಾವು ನಾಲ್ವರು ಸಾಲಾಗಿ ದಾರಿ ತುಂಬ ನಡೆಯುತ್ತೇವೆ. ಸೈಟಿನ ರೇಟು, ಸೊಸೆ, ಶುಗರ್, ಯಾರ ಮಗ ಯಾವ ದೇಶದಲ್ಲಿ, ಎಲ್ಲ ಆಗುತ್ತದೆ. ಅದು ಬೇಕು. ಒಬ್ಬಳು ಎರಡು ದಿನ ಬರದಿದ್ದರೆ ಮೂರನೇ ದಿನ ಉಳಿದವರು ಅವಳ ಮನೆ ಬಾಗಿಲಲ್ಲಿ ಇರುತ್ತೇವೆ. ನಿವೃತ್ತಿ ಆದ ಮೇಲೂ ನನ್ನ ತಲೆ ಸರಿ ಇದೆ ಅಂದರೆ ಅದಕ್ಕೆ ಈ ಗುಂಪು ಕಾರಣ, ಯಾವ ಮಾತ್ರೆಯೂ ಅಲ್ಲ. ಆದರೆ ಆ ವೇಗದಲ್ಲಿ ಹೃದಯಕ್ಕೆ ಸಿಗುವುದು ಅಷ್ಟಕ್ಕಷ್ಟೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಬೇಕು. ಇನ್ನು ತೊಡೆಗೆ? ಸಮತಟ್ಟು ನೆಲದಲ್ಲಿ ಎಷ್ಟು ನಡೆದರೂ ನೆಲದಿಂದ ಏಳುವ ಬಲ ಬರುವುದಿಲ್ಲ. ಹತ್ತು ಸಾವಿರ ಹೆಜ್ಜೆ ಅನ್ನುವುದಂತೂ 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು, ಅದರ ಜೊತೆಗೆ ಕನಿಷ್ಠ ಎರಡು ದಿನ ಬಲದ ವ್ಯಾಯಾಮ. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ. ಈ ಎರಡನೇ ಅರ್ಧವನ್ನು ಯಾರೂ ಓದುವುದೇ ಇಲ್ಲ.

ಸಮತೋಲನಕ್ಕೆ ನನ್ನ ಹೊತ್ತು ಹಾಲು ಕಾಯಿಸುವ ಹೊತ್ತು. ಒಲೆ ಮುಂದೆ ಸುಮ್ನೆ ನಿಲ್ಲಬೇಕಲ್ಲ, ಒಂದೇ ಕಾಲಲ್ಲಿ ನಿಲ್ಲುತ್ತೇನೆ. ಕಟ್ಟೆ ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ.

ಊಟದ ವಿಷಯದಲ್ಲಿ ನಮ್ಮ ಜನರ ಜೊತೆ ಜಗಳ ಆಡಿ ಸಾಕಾಗಿದೆ. ಭಾರ ಎತ್ತಿ ಬಂದು ಅನ್ನ ತಂಬುಳಿ ಉಂಡರೆ ಸ್ನಾಯು ಎಲ್ಲಿಂದ ಬರಬೇಕು? ಒಂದೆಲಗದ ತಂಬುಳಿ ನನಗೆ ಪ್ರಾಣ. ಆದರೆ ಅದರಲ್ಲಿ ಪ್ರೋಟೀನ್ ಹುಡುಕಬೇಡಿ. ತಿಳಿಸಾರಿನಲ್ಲೂ ಬೇಡ, ಬೇಳೆ ಅದರಲ್ಲಿ ಮೈ ತೊಳೆದು ಹೋಗಿರುತ್ತದೆ ಅಷ್ಟೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ದೊಡ್ಡವರಿಗೆ ಹೇಳುವುದು ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ ಈ ವಿಷಯದ ತಜ್ಞರು ಹೇಳುತ್ತಾರೆ. ಇದು ತಮಾಷೆಯಲ್ಲವೇ, ವಯಸ್ಸಾದ ಹಾಗೆ ನಾವು ಊಟ ಕಡಿಮೆ ಮಾಡುತ್ತೇವೆ. ಅದರಲ್ಲೂ ರಾತ್ರಿ 'ಹಗುರಾಗಿ' ಅಂತ ಗಂಜಿ, ಅವಲಕ್ಕಿ.

ನನ್ನ ತೂಕ 58 ಕಿಲೋ. ಹಾಗಾಗಿ ಅರವತ್ತು ಗ್ರಾಂ ಹತ್ತಿರ ಹೋಗಬೇಕು. ಮೊಟ್ಟೆ ನಮ್ಮ ಮನೆಯೊಳಗೆ ಬರುವುದಿಲ್ಲ. ತಿನ್ನುವವರಿಗೆ ಒಂದರಲ್ಲಿ ಆರು ಗ್ರಾಂ ಇದೆ, ಅವರ ಪುಣ್ಯ. ನಾನು ಬೆಳಿಗ್ಗೆ ದೋಸೆಯನ್ನು ಹೆಸರುಕಾಳಿನದು ಮಾಡಿದೆ. ಮಧ್ಯಾಹ್ನ ಸಾರಿನ ಬದಲು ಗಟ್ಟಿ ಹುಳಿ, ಕಾಳು ಹಾಕಿದ ಪಲ್ಯ, ಒಂದು ಬಟ್ಟಲು ಮೊಸರು. ಸಂಜೆ ಚಹಾ ಜೊತೆ ಚಕ್ಕುಲಿ ಹೋಗಿ ಹಿಡಿ ಶೇಂಗಾ ಬಂತು, ಏಳೆಂಟು ಗ್ರಾಂ. ರಾತ್ರಿ ಒಂದು ದೊಡ್ಡ ಲೋಟ ಹಾಲು, ಎಂಟು ಗ್ರಾಂ. ವಾರಕ್ಕೆರಡು ಸಲ ಪನೀರ್ ಅಥವಾ ಸೋಯಾ. ಸೋಯಾ ಚೂರನ್ನು ನಮ್ಮ ಮನೆಯವರು ರಬ್ಬರ್ ಅನ್ನುತ್ತಾರೆ. ಒಣಗಿದ್ದರಲ್ಲಿ ಅರ್ಧದಷ್ಟು ಪ್ರೋಟೀನೇ ಇದೆ ಅಂದಮೇಲೆ ರಬ್ಬರನ್ನೂ ತಿನ್ನುತ್ತಿದ್ದಾರೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಹಾಲು, ಮೊಸರೂ ಅಷ್ಟಾಗಿ ತಗೊಳ್ಳದ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸಿಕೊಳ್ಳಿ. ಅದು ಕಡಿಮೆಯಾದರೆ ಪಾದ ಜೋಮು ಹಿಡಿಯುತ್ತದೆ, ನೆಲ ಸರಿಯಾಗಿ ತಿಳಿಯುವುದಿಲ್ಲ, ಕತ್ತಲಲ್ಲಿ ವಾಲುತ್ತೇವೆ. ಬಿಪಿ ಮಾತ್ರೆ ತಗೊಳ್ಳುವವರಲ್ಲಿ ಕೆಲವರಿಗೆ ಮಲಗಿದ್ದು ಥಟ್ಟನೆ ಎದ್ದರೆ ತಲೆ ತಿರುಗುತ್ತದೆ. ರಾತ್ರಿ ಬಾತ್‌ರೂಮಿಗೆ ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲುವುದು ಒಳ್ಳೆಯದು. ನಿದ್ದೆ ಮಾತ್ರೆ ಇನ್ನೂ ಅಪಾಯ. ಕೆಳಗೊಂದು ಮೇಲೊಂದು ಪವರ್ ಇರುವ ಕನ್ನಡಕ ಹಾಕಿ ಮೆಟ್ಟಿಲು ಇಳಿದರೆ ಮೆಟ್ಟಿಲು ಇರುವಲ್ಲಿ ಕಾಣುವುದಿಲ್ಲ. ಬಾತ್‌ರೂಮಿಗೆ ಹಿಡಿಕೆ ಹಾಕಿಸಿ. ಮನೆ ಕಟ್ಟುವಾಗ ಕನ್ನಡಿಯಂಥ ಟೈಲ್ಸ್ ಹಾಕಿಸಿ, ಆಮೇಲೆ ಅದರ ಮೇಲೆ ಬೆರಳು ಊರಿ ನಡೆಯುವ ಸಂಕಟ ಯಾಕೆ ಹೇಳಿ.

ವಯಸ್ಸು, ಗಟ್ಟಿತನ ಅಂದರೆ ನಮ್ಮಲ್ಲಿ ಯಾರಾದರೂ ತಿರುಮಲೈ ಕೃಷ್ಣಮಾಚಾರ್ಯರ ಹೆಸರು ಹೇಳುತ್ತಾರೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗ ಕಲಿಸಿ, ನೂರು ವರ್ಷ ಬದುಕಿದವರು. ತೊಂಬತ್ತಾರರಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ಆಪರೇಷನ್ ಬೇಡ ಅಂದು, ಮಲಗಿದಲ್ಲೇ ತಾವೇ ವ್ಯಾಯಾಮ ಮಾಡಿ ಸುಧಾರಿಸಿಕೊಂಡರು ಅನ್ನುತ್ತಾರೆ. ಕೇಳಲು ರೋಮಾಂಚನ. ದಯವಿಟ್ಟು ಅನುಕರಿಸಬೇಡಿ. ಸೊಂಟದ ಮೂಳೆ ಮುರಿದರೆ ಒಂದೆರಡು ದಿನದೊಳಗೆ ಆಪರೇಷನ್ ಆಗಿ, ಬೇಗ ಎದ್ದು ನಿಂತರೆ ಬಚಾವು. ಎಣ್ಣೆ ತಿಕ್ಕಿ ಹಾಸಿಗೆಯಲ್ಲಿ ಇಟ್ಟುಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ನಂತರದ ಕಥೆ ಚೆನ್ನಾಗಿರುವುದಿಲ್ಲ.

ಬೀಳದ ಹಾಗೆ ನೋಡಿಕೊಳ್ಳುವ ಬಗ್ಗೆ ಎಲ್ಲರೂ ಹೇಳುತ್ತಾರೆ. ಬಿದ್ದ ಮೇಲೆ ಏಳುವುದನ್ನು ಯಾರೂ ಕಲಿಸುವುದಿಲ್ಲ. ಫಿಸಿಯೋ ಹುಡುಗಿ ಅದನ್ನೂ ಹೇಳಿಕೊಟ್ಟಳು. ಮೊದಲು ಅಲ್ಲೇ ಇರಬೇಕು, ಗಾಬರಿಯಲ್ಲಿ ಏಳಬಾರದು. ಎಲ್ಲಾದರೂ ಜೋರು ನೋವಿದೆಯಾ, ಕಾಲು ಆಡುತ್ತದಾ ನೋಡಿಕೊಳ್ಳಬೇಕು. ಸರಿಯಿದ್ದರೆ ಒಂದು ಮಗ್ಗುಲಿಗೆ ಹೊರಳಬೇಕು. ಅಲ್ಲಿಂದ ಅಂಬೆಗಾಲಿಗೆ ಬರಬೇಕು. ಹತ್ತಿರದ ಗಟ್ಟಿ ಕುರ್ಚಿಯವರೆಗೆ ಹಾಗೇ ತೆವಳಬೇಕು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡ. ಸೀಟಿನ ಮೇಲೆ ಎರಡೂ ಕೈ ಊರಿ, ಬಲ ಇರುವ ಕಾಲಿನ ಪಾದವನ್ನು ಮುಂದೆ ನೆಲಕ್ಕಿಟ್ಟು, ಕೈ ಕಾಲು ಎರಡರಿಂದಲೂ ಒತ್ತಿ ಎದ್ದು, ತಿರುಗಿ ಅದೇ ಕುರ್ಚಿಯಲ್ಲಿ ಕೂರಬೇಕು. ಮಂಡಿ ನೋಯುವವರು ಕೆಳಗೆ ದಿಂಬು ಎಳೆದುಕೊಳ್ಳಬಹುದು. ಇದನ್ನು ಬೀಳುವ ಮೊದಲೇ, ಚಾಪೆ ಮೇಲೆ, ಯಾರಾದರೂ ಜೊತೆಗಿದ್ದಾಗ ಅಭ್ಯಾಸ ಮಾಡಬೇಕು. ನಾನು, ನಮ್ಮ ಮನೆಯವರು ಹಾಲ್‌ನಲ್ಲಿ ಮಲಗಿ ಇದನ್ನು ಮಾಡುತ್ತಿದ್ದಾಗ ಎದುರು ಮನೆಯವರು ಕಿಟಕಿಯಲ್ಲಿ ಕಂಡು ಚಪ್ಪಲಿ ಹಾಕದೆ ಓಡಿ ಬಂದರು. ಅವರನ್ನೂ ಮಲಗಿಸಿ ಕಲಿಸಿದೆವು.

ಸೊಂಟದಲ್ಲಿ ಜೋರು ನೋವಿದ್ದರೆ, ಕಾಲು ಎತ್ತಲಾಗದಿದ್ದರೆ ಏಳಲು ಹೋಗಬಾರದು. ಮೈ ಬೆಚ್ಚಗಿಟ್ಟುಕೊಂಡು 108ಕ್ಕೆ ಫೋನ್ ಮಾಡಬೇಕು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ತಲೆಗೆ ಏಟು ಬಿದ್ದರೆ, ಮೇಲೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಅದಕ್ಕೆ ಫೋನು ಟೇಬಲ್ ಮೇಲೆ ಇದ್ದರೆ ಉಪಯೋಗ ಇಲ್ಲ, ಮೈಮೇಲೇ ಇರಬೇಕು. ಅಮ್ಮ ಈಗ ದಿಂಬಿಲ್ಲದ ಕುರ್ಚಿಯಿಂದ ಸಲೀಸಾಗಿ ಏಳುತ್ತಾರೆ. ಕೆಳಗೆ ಚಾಪೆ ಮೇಲೆ ಕೂತರೆ ಕುರ್ಚಿ ಹಿಡಿದು ಏಳುತ್ತಾರೆ. ಹಿತ್ತಿಲಿಗೂ ಮತ್ತೆ ಹೋಗುತ್ತಿದ್ದಾರೆ. ಹಾಗಾಗಿ ಸೊಂಟಕ್ಕೆ ಸಿಗಿಸಿಕೊಳ್ಳಲು ಬಟ್ಟೆಯ ಒಂದು ಸಣ್ಣ ಚೀಲ ಹೊಲಿದು, ಮೊಬೈಲ್ ಇಟ್ಟುಕೊಳ್ಳಿ ಅಂತ ಕೊಟ್ಟೆ. ಕಳೆದ ಸಲ ಹೋದಾಗ ನೋಡಿದರೆ ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಮೊಬೈಲ್ ಟಿವಿ ಪಕ್ಕ. ಈಗ ಎರಡು ಜೇಬಿನದು ಹೊಲಿಯುತ್ತಿದ್ದೇನೆ.